ಅಪ್ಪನ ಹಾರ್ಡ್ ಡಿಸ್ಕ್

ಅಪ್ಪಾ,

ಇವತ್ತು ಮಧ್ಯಾಹ್ನ ನಾನೂ ಮಗಳು ಮೇಘನಾಳೂ ಊಟದ ಮೇಜಿನ ಮೇಲೆ ಪುಟ್ಟದೊಂದು ಕಂಪ್ಯೂಟರ್ ಜೋಡಿಸಿದೆವು. ನಿಘಂಟಿನಷ್ಟೇ ದಪ್ಪ. ಅದಕ್ಕೆ ಹಾಕೋಣವೆಂದು, ನೀನು ಹೋದ ಮೇಲೆ ಸಂಡೂರಿನ ಮನೆಯಿಂದ ತಂದಿಟ್ಟಿದ್ದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿದೆವು. ಹಳೆಯ ಪೆಟ್ಟಿಗೆಯ ಒಳಗೆಲ್ಲ ಕೆಂಪು ಪುಡಿ. ಮೇಘನಾ ಸ್ಕ್ರೂಡ್ರೈವರಿನ ಅಯಸ್ಕಾಂತದ ತುದಿ ಇಟ್ಟಳು. ಪುಡಿ ಮೀಸೆಯಂತೆ ಅಂಟಿಕೊಂಡಿತು.

“ಅಮ್ಮಾ, ಇದು ಕುಂಕುಮ ಅಲ್ಲ, ಕಬ್ಬಿಣದ ಗಣಿ ಧೂಳು. ಪಾಪ, ತಾತನ್ನ ಸುಮ್ಮನ ಬೈದಿ ನೀ.”

ನೀನಿದ್ದಾಗ ಒಂದು ವರ್ಷ ಆಯುಧಪೂಜೆಯ ಮರುದಿನ ಈ ಕಂಪ್ಯೂಟರ್ ಕೆಟ್ಟು ನಿಂತಾಗ, ಕಿಂಡಿಯಲ್ಲಿ ಕೆಂಪು ಕಂಡು ನೆಂಟರೆದುರೇ ಅಂದಿದ್ದೆ: “ಕುಂಕುಮ ಸುರಿದು ಕೆಡಿಸಿಟ್ಟಿಯಲ್ಲಪ್ಪ!” ನೀನು “ಇನ್ನ ಮುಟ್ಟಂಗಿಲ್ಲ ಬಿಡವ್ವ” ಅಂದೆ. ಹೊಸದು ತಂದುಕೊಟ್ಟರೂ ಮುಟ್ಟಲಿಲ್ಲ.

ಡಿಸ್ಕ್ ಚೆನ್ನಾಗಿಯೇ ಇದೆ. ಅದರಲ್ಲಿ ಅಜ್ಜಿಯ ಬೀಸುಕಲ್ಲಿನ ಹಾಡುಗಳಿವೆ, ನೀನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದು. ಏನು ಬರೀತೀ ಎಂದು ಕನ್ನಡ ಎಂ.ಎ. ಓದಿದ ನಾನು ಒಮ್ಮೆಯೂ ಕೇಳಿರಲಿಲ್ಲ. ಹನ್ನೊಂದನೆಯ ಹಾಡು ನಡುವೆ ನಿಂತಿದೆ. ಉಳಿದ ಸಾಲು ಯಾರಿಗೆ ಬರುತ್ತದೆಂದು ಆಗಿನಿಂದ ಯೋಚಿಸುತ್ತಿದ್ದೇನೆ. ನಿನ್ನ ಹೆಸರೊಂದೇ ಹೊಳೆಯುತ್ತದೆ.