ವಜ್ರಮಹೋತ್ಸವದ ಖುರ್ಚಿ

ಬಾದಾಮಿ
೧೨ ನವೆಂಬರ್ ೧೯೮೨

ಹೆಡ್‌ಮಾಸ್ತರ ಅಂದಾನಪ್ಪನವರಿಗೆ ಬಸಲಿಂಗವ್ವನ ಶರಣು.

ನಾಲ್ಕು ವರ್ಷ ನಾನು ಇದ್ದೇನೋ ಸತ್ತೆನೋ ಎಂದು ಕೇಳದವರು ಈಗ ಮೂರು ಪುಟ ಬರೆದಿದ್ದೀರಿ. ಹೈಸ್ಕೂಲಿಗೆ ಅರವತ್ತು ತುಂಬಿತು, ಮಂತ್ರಿಗಳು ಬರುತ್ತಾರೆ, ದಂಪತಿಗೆ ಸನ್ಮಾನ, ಪಕ್ಕದ ಖುರ್ಚಿ ಖಾಲಿ ಇದ್ದರೆ ಊರು ನಗುತ್ತದೆ. ಇಳಕಲ್ ಸೀರೆಯನ್ನೇ ಉಟ್ಟು ಬರಬೇಕಂತೆ. ಆ ಸೀರೆಯನ್ನು ಖುರ್ಚಿಗೇ ಉಡಿಸಿ ಕೂಡಿಸಿರಿ. ಮಾತಾಡದ ಹೆಂಡತಿಯೇ ಅಲ್ಲವೇ ನಿಮಗೆ ಬೇಕಾದದ್ದು?

ನಾನು ಮನೆ ಬಿಟ್ಟದ್ದು ಸಿಟ್ಟಿನ ಭರದಲ್ಲಿ ಎಂದು ಬರೆದಿದ್ದೀರಿ. ಅಲ್ಲ. ಹೇಸಿಗೆ ಬಂದು ಬಿಟ್ಟೆ.

ಆ ದಿನ ಸ್ಟಾಫ್ ರೂಮಿನಲ್ಲಿ ನಾನೂ ನನ್ನ ಕ್ಲಾಸಿನ ನೋಟ್‌ಬುಕ್ಕು ತಿದ್ದುತ್ತ ಕೂತಿದ್ದೆ. ಡ್ರಾಯಿಂಗ್ ಮಾಸ್ತರ ಬಂದೇನವಾಜರು ಬಂದು ಕೈಮುಗಿದೇ ಹೇಳಿದರು, "ಸರ್, ಒಂಬತ್ತನೇ ಕ್ಲಾಸಿನ ಖೋಲಿ ಜಂತಿ ಬಾಗೇತ್ರಿ. ಮಾಳಿಗಿ ಮಣ್ಣು ಹುಡುಗೂರ ತಲಿ ಮ್ಯಾಲ ಉದರಾಕ ಹತ್ತೇತಿ."

ನೀವು ತಲೆ ಎತ್ತಲಿಲ್ಲ. "ನೀವು ಚಿತ್ರಾ ತಗಿಯೂ ಮನಶಾರು, ಇಂಜಿನಿಯರ್ ಏನ್ರಿ? ನಾಳೆ ಸಾಹೇಬ್ರು ತಪಾಸಣಿಗೆ ಬರ್ತಾರ. ಸುಣ್ಣಾ ಹಚ್ಚಸ್ರಿ. ಕ್ಲಾಸು ಅಲ್ಲೇ ನಡೀಲಿ."

ಸುಣ್ಣ ಹಚ್ಚಿಸಿದರು. ಮರುದಿನ ಸಾಹೇಬರು ನಿಮ್ಮ ಖೋಲಿಯಲ್ಲಿ ಚಹ ಕುಡಿಯುತ್ತಿದ್ದಾಗ ಆ ಬಿಳಿ ಜಂತಿ ಮುರಿಯಿತು. ಬಂದೇನವಾಜರು ಹುಡುಗರನ್ನು ಹೊರಗೆ ದಬ್ಬಿದರು. ಕುರಿ ಕಾಯುವ ಹುಲ್ಲಪ್ಪನ ಮಗಳು ರೇಣವ್ವ ಒಬ್ಬಳೇ ಒಳಗೆ ಉಳಿದಳು. ಅವಳ ಎಡಗಾಲಿನ ಮೇಲೆ ಜಂತಿ ಮಾಳಿಗೆಯ ಮಣ್ಣಿನ ಸಮೇತ ಬಿತ್ತು.

ಬಾಗಲಕೋಟೆಯ ದವಾಖಾನೆಗೆ ನಾವಿಬ್ಬರೂ ಹೋಗಿದ್ದೆವು. ಅವಳ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದಿದ್ದರು. ನೀವು ಬಾಳೆಹಣ್ಣು ಇಟ್ಟು ಹುಲ್ಲಪ್ಪನಿಗೆ ಹೇಳಿದಿರಿ, "ನಿನ್ನ ಮಗಳ ಪುಣ್ಯಾ ಚಲೋ ಐತಿ, ಜೀವಕ್ಕ ಬಂದದ್ದು ಕಾಲಿನ ಮ್ಯಾಲ ಹೋತು." ಆ ಮನುಷ್ಯ "ಹೌದ್ರಿ ಸರ್" ಎಂದು ನಿಮ್ಮ ಕಾಲು ಮುಟ್ಟಿದ. ನೀವು ಮುಟ್ಟಿಸಿಕೊಂಡಿರಿ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂಡಲಾರದೆ ನಾನು ನಿಂತೇ ಬಂದೆ. ಸೀಟು ಖಾಲಿ ಇತ್ತು, ಯಾಕೆ ನಿಂತೆ ಎಂದು ನೀವು ಕೇಳಲೂ ಇಲ್ಲ.

ಆಮೇಲೆ ವಿಚಾರಣೆ. ಖೋಲಿಗೆ ಕೀಲಿ ಹಾಕಿಸಿದ್ದೆ, ಬಂದೇನವಾಜರೇ ತೆರೆಸಿಕೊಂಡು ಪಾಠ ಮಾಡಿದರು ಎಂದಿರಿ. ಸ್ಟಾಫಿನ ಗಂಡಸರೆಲ್ಲ ಗೋಣು ಹಾಕಿದರು. ನನ್ನನ್ನು ಯಾರೂ ಕೇಳಲಿಲ್ಲ. ಹೆಡ್‌ಮಾಸ್ತರರ ಹೆಂಡತಿಗೆ ಬೇರೆ ಕಣ್ಣು, ಬೇರೆ ಕಿವಿ ಎಲ್ಲಿಂದ? ಅವತ್ತು ಮನೆಗೆ ಬಂದು ನೀವು ಎರಡು ರೊಟ್ಟಿ ಹೆಚ್ಚಿಗೆ ಉಂಡಿರಿ. "ಪಲ್ಯಾ ಭಾಳ ಚಲೋ ಆಗೇತಿ" ಎಂದಿರಿ. ಮರುದಿನ ನಾನು ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ಅರ್ಜಿ ಬರೆದೆ.

ನೌಕರಿ ಹೋದ ಬಂದೇನವಾಜರು ಈಗ ಇಳಕಲ್ಲಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಾರೆ. ಕಳೆದ ತಿಂಗಳು ಅವರ ಹೆಂಡತಿ ಹಜರತಬಿ ಇಲ್ಲಿಗೆ ಬಂದಿದ್ದಳು. ನಿಮ್ಮನ್ನು ಒಂದು ಮಾತೂ ಬೈಯಲಿಲ್ಲ. "ಅಕ್ಕಾರ, ಸಾಲಿ ಗಂಟಿ ಕೇಳಿದ್ರ ಇವ್ರು ಈಗೂ ಎದ್ದು ನಿಂದರ್ತಾರ್ರಿ" ಎಂದಳು. ಅಂಥವರನ್ನು ಹೊರಗೆ ಹಾಕಿದ ಶಾಲೆಗೆ ವಜ್ರಮಹೋತ್ಸವವಂತೆ! ಕಮಾನು ಕಟ್ಟಿಸಿರಿ, ಬ್ಯಾಂಡು ತರಿಸಿರಿ. ಸುಣ್ಣ ಹಚ್ಚಿಸುವುದಂತೂ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ನಾನು ಬರುವುದಿಲ್ಲ. ಸನ್ಮಾನದ ಶಾಲು ಎರಡೂ ನೀವೇ ಹೊದ್ದುಕೊಳ್ಳಿರಿ.

ಇಂತಿ,
ಬಸಲಿಂಗವ್ವ

ತಾ.ಕ.: ಹಜರತಬಿಯ ಅರ್ಜಿಯ ಮೇಲೆ ವಿಚಾರಣೆ ಮತ್ತೆ ತೆರೆದಿದೆ. ಮೊನ್ನೆ ವಿಜಾಪುರದ ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿ, ಸ್ಟಾಫ್ ರೂಮಿನಲ್ಲಿ ಕೇಳಿದ್ದನ್ನೆಲ್ಲ ಹೇಳಿ ಸಹಿ ಮಾಡಿ ಬಂದೆ. ನೋಟೀಸು ಸಮಾರಂಭದ ಮೊದಲೇ ನಿಮ್ಮ ಕೈಗೆ ಬರಬಹುದು. ಮಂದಿಯ ಬಾಯಿಂದ ತಿಳಿಯುವುದು ಬೇಡವೆಂದು ನಾನೇ ಬರೆದಿದ್ದೇನೆ. ಬಿ.ಪಿ. ಗುಳಿಗೆ ತಪ್ಪಿಸಬೇಡಿ. ವಿಚಾರಣೆಗೆ ನೀವು ಗಟ್ಟಿಯಾಗಿ, ನಡೆದುಕೊಂಡೇ ಬರಬೇಕು. ರೇಣವ್ವನೂ ಬರುತ್ತಾಳೆ.