ನೈದರ್ ಅಂದಳು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈದುಕೋ. ಬೆಳಗಿನಿಂದ ಈ ಕಾಗದಕ್ಕೇ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಸುಳ್ಳು. ಒಂದು ಸಾಲು ಬರೆದು, ಒಲೆ ಆರಿಸಿದೆನೇ ಎಂದು ಎದ್ದು ನೋಡಿ ಬರುತ್ತೇನೆ. ಒಲೆ ಹಚ್ಚಿಯೇ ಇರುವುದಿಲ್ಲ.

ನರ್ಸುಗಳಿಗೆ ನಾನು ಹೇಳಿಕೊಡುವ ಇಂಗ್ಲಿಷ್ ತರಗತಿ ನಡೆದಿದೆ. ಈ ವಾರ ‘ಈದರ್’, ‘ನೈದರ್’ ಪಾಠ. ಇಬ್ಬರಲ್ಲಿ ಯಾರಾದರೂ ಒಬ್ಬರು ಎಂದರೆ ಈದರ್, ಇಬ್ಬರೂ ಅಲ್ಲವೆಂದರೆ ನೈದರ್. ನೈದರ್ ಜೊತೆ ಮತ್ತೊಂದು ‘ನಾಟ್’ ತುರುಕಬೇಡಿ, ಅದರ ಹೊಟ್ಟೆಯೊಳಗೇ ‘ಇಲ್ಲ’ ಇದೆ ಎಂದೆ. ಈದರ್ ಅನ್ನಬೇಕೋ ಐದರ್ ಅನ್ನಬೇಕೋ ಎಂದು ಹಿರಿಯ ನರ್ಸು ಕೇಳಿದರು. ಎರಡೂ ಸರಿ ಎಂದೆ. ಸದ್ಯ, ಇಂಗ್ಲಿಷಿನಲ್ಲಿ ಒಂದಾದರೂ ತಪ್ಪಲಾರದ ಜಾಗ ಸಿಕ್ಕಿತು ಎಂದು ನಕ್ಕರು. ನೀನೇ ಅಡ್ಡಹೆಸರಿಟ್ಟ ನಮ್ಮ ಪಿಟೀಲು ಹಿಂದಿನ ಬೆಂಚಿನಲ್ಲಿ ಚಿತ್ರ ಬರೆಯುತ್ತಿದ್ದಳು. ಹತ್ತು ವರ್ಷದ ಮಗಳು ಕಿವಿ ಎಲ್ಲಿಟ್ಟಿರುತ್ತಾಳೆಂದು ತಾಯಿಗೆ ಗೊತ್ತಾಗುವುದಿಲ್ಲ.

ನಮ್ಮ ವಿಚ್ಛೇದನದ ಮೊಕದ್ದಮೆ ಗುರುವಾರ ಬಂತು. ಅದರ ಹಿಂದಿನ ದಿನ ಅವಳಪ್ಪ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಬರೆದಿದ್ದರು, ತಪ್ಪು ಇಬ್ಬರದೂ ಅಲ್ಲ ಎಂದು. ‘ನೈದರ್ ಆಫ್ ಅಸ್ ಆರ್’ ಎಂದಿತ್ತು. ‘ಆರ್ ಅಲ್ಲ, ಈಸ್’ ಎಂದು ತಿದ್ದಿ ಕಳಿಸಿದೆ.

ನ್ಯಾಯಾಧೀಶೆ ಮೊದಲು ಮಗುವೊಬ್ಬಳನ್ನೇ ಒಳಗೆ ಕರೆದು, ಆಮೇಲೆ ನಮ್ಮನ್ನೂ ಕರೆದರು. ಅಮ್ಮನ ಹತ್ತಿರ ಇರುತ್ತೀಯೋ ಅಪ್ಪನ ಹತ್ತಿರವೋ ಎಂದು ಕೇಳಿದ್ದಕ್ಕೆ ನೈದರ್ ಅಂದಳು, ಬಾಯಿತಪ್ಪಿ ಅಂದಿರಬಹುದು, ಈದರ್ ಅಂತಲೇ ಅವಳ ಮನಸ್ಸಿನಲ್ಲಿರಬೇಕು ಎಂದರು.

“ಅಲ್ಲ,” ಎಂದಳು ಪಿಟೀಲು. “ಈದರ್ ಅಂದ್ರೆ ಯಾರಾದ್ರೂ ಒಬ್ರು. ನಾನು ಹೇಳಿದ್ದು ನೈದರ್. ಅಮ್ಮ ಪಾಠ ಮಾಡಿದ್ದಾಳೆ.”

ಅವಳಪ್ಪ ನನ್ನ ಮುಖ ನೋಡಿದರು, ತಿದ್ದಲಿ ಎಂಬಂತೆ. ಅವಳ ಇಂಗ್ಲಿಷ್ ಸರಿಯಾಗಿದೆ ಎಂದೆ.

ಮನೆಗೆ ಬಂದು ಯಾಕೆ ಎಂದು ಕೇಳಿದೆ. ಶೂ ಬಿಚ್ಚುತ್ತಲೇ ಹೇಳಿದಳು: “ಯಾರ ಹತ್ರ ಇದ್ರೂ ಇನ್ನೊಬ್ರ ಮೇಲೆ ದೂರು ಕೇಳ್ತಾ ಇರ್ಬೇಕು.”

ಭಾವನಿಗೆ ನಮಸ್ಕಾರ ತಿಳಿಸು. ನಿಮ್ಮಿಬ್ಬರ ಮನೆ ಸದಾ ತಣ್ಣಗಿರಲಿ.

ನಿನ್ನ ತಂಗಿ

ಮರೆತ ಮಾತು: ಮರೆತಿರಲಿಲ್ಲ, ಅಕ್ಕಾ. ಹಾಗಾದರೆ ಯಾರ ಹತ್ತಿರ ಎಂದು ನ್ಯಾಯಾಧೀಶೆ ಕೇಳಿದಾಗ ಅವಳು “ದೊಡ್ಡಮ್ಮ” ಅಂದಳು. ಒಂದು ಗಳಿಗೆಯೂ ಯೋಚಿಸಲಿಲ್ಲ. ಅವಳಪ್ಪನೂ ನಾನೂ ಒಪ್ಪಿದೆವು. ಎಷ್ಟೋ ವರ್ಷದಲ್ಲಿ ನಾವು ಒಟ್ಟಿಗೆ ಒಪ್ಪಿದ್ದು ಇದೊಂದೇ. ಆಗಲಿ ಎಂದೇ ಬರಿ. ಆದರೆ ನಿಧಾನವಾಗಿ ಬರಿ. ನಿನ್ನ ಉತ್ತರ ಬರುವವರೆಗೆ ಅವಳು ನನ್ನ ಹತ್ತಿರ ಇರಬಹುದಂತೆ.