ಗೂಡಿನಲ್ಲಿ ನೀನು ಉಳಿಸಿದ ಮಣ್ಣೆತ್ತುಗಳು

ಅವ್ವಾ,

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮಿಬ್ಬರಿಗೆ ಜಗಳ. ಕೆರೆಯ ಹೂಳು ತಂದು ನೀನು ಜೋಡೆತ್ತು ಮಾಡುತ್ತಿದ್ದೆ. ಊರವರು ಪೂಜೆ ಮುಗಿಸಿ ನೀರಿಗೆ ಬಿಟ್ಟರೆ ನೀನು ಗೋಡೆಗೂಡಿನಲ್ಲಿ ವರ್ಷವಾರು ಸಾಲಾಗಿ ಇಡುತ್ತಿದ್ದೆ. "ಹೊರಗ ಒಗಿಬೇ, ಬರೇ ಧೂಳು" ಎಂದರೆ, "ನಿನ್ನ ಧರಣಿ ಝಂಡಾ ಮನ್ಯಾಗ ಇರಬಹುದು, ನನ್ನ ಎತ್ತು ಇರಬಾರ್ದೇನ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ.

ಕಾರ್ಖಾನೆಯ ನೀರು ಕೆರೆಗೆ ಇಳಿದ ವರ್ಷ ನೆನಪಿದೆಯಾ? "ಮಣ್ಣು ಮುಟ್ಟಿದ್ರ ಕೈ ಉರ್ಯಾಕತ್ತದ" ಅಂದೆ. ನಾನು ಕೇಳಿಸಿಕೊಂಡೆನೇ? ಕೆರೆಯ ಹೂಳೆತ್ತಿ ಎಂದು ಹುಮನಾಬಾದಿನಲ್ಲಿ ಧರಣಿ ಕೂರುವ ಗಡಿಬಿಡಿ ನನಗೆ.

ನೀನು ಹೋದ ಮರುವರ್ಷ ಅದೇ ಕಾರ್ಖಾನೆಯವರು ಫುಕಟ್ ಟ್ರ್ಯಾಕ್ಟರ್ ಕಳಿಸಿ ಹೂಳೆತ್ತಿಸಿದರು. ಗೆದ್ದೆವೆಂದು ಘೋಷಣೆ ಕೂಗಿದವಳು ನಾನೇ! ಕೆರೆ ಹೂಳೆಂದರೆ ನಮ್ಮವರಿಗೆ ಬಂಗಾರವಲ್ಲವೇ. ತೊಗರಿ ಹೊಲಗಳಿಗೆಲ್ಲ ಹೊತ್ತು ಹಾಕಿದರು. ತೊಗರಿ ಒಣಗಿದ ಮೇಲೆ ತಿಳಿಯಿತು, ಅವರ ವಿಷವನ್ನೂ ಅದರ ಸಾಕ್ಷಿಯನ್ನೂ ನಾವೇ ಕೈಯಾರೆ ಕೆರೆಯಿಂದ ಎತ್ತಿ ಹೊಲಕ್ಕೆ...

ದೂರು ಕೊಡಲು ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋದರೆ ಸಾಹೇಬರು ನಕ್ಕರು. "ಕೆರ್ಯಾಗ ಹೂಳೇ ಇಲ್ಲಲ್ರಿ ಅಕ್ಕಾ, ಏನ್ ತಪಾಸ್ ಮಾಡ್ಲಿ? ಹೊಲದಾಗಿನ ವಿಷ ನೀವೇ ಹಾಕಿದ್ ಗೊಬ್ಬರದ್ದು."

ಸಿಟ್ಟಿನಲ್ಲಿ ಮನೆಗೆ ಬಂದು ಕೂತಾಗ ಕಣ್ಣಿಗೆ ಬಿದ್ದದ್ದು ನಿನ್ನ ಗೂಡು. ನೀನು ಮಂಠಾಳದಿಂದ ಸೊಸೆಯಾಗಿ ಬಂದ ವರ್ಷದ ಎತ್ತಿನಿಂದ ಹಿಡಿದು ಕೊನೆಯ ವರ್ಷದ ಎತ್ತಿನವರೆಗೆ ನಮ್ಮ ಕೆರೆ ಅಲ್ಲಿ ಸಾಲಾಗಿ ನಿಂತಿತ್ತು! ಪ್ರತಿ ಜೋಡಿಯಿಂದ ಒಂದೊಂದನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಒಂದೊಂದು ಕಳಿಸುವಾಗಲೂ ನಿನ್ನ ಬೆರಳಚ್ಚು ಪುಡಿಯಾಗುವುದಲ್ಲ ಎಂದು ಅದರ ಮೇಲೆ ಒಮ್ಮೆ ನನ್ನ ಬೆರಳಿಟ್ಟು ನೋಡಿದೆ.

ವರದಿ ಬಂದಿದೆ, ಅವ್ವಾ. ಹಳೆಯ ಎತ್ತುಗಳು ಶುದ್ಧ. ಕಾರ್ಖಾನೆಯ ನೀರು ಇಳಿದ ವರ್ಷದಿಂದ ಸೀಸ, ಕ್ಯಾಡ್ಮಿಯಂ. ವರ್ಷದಿಂದ ವರ್ಷಕ್ಕೆ ಹೆಚ್ಚು. ಗೊಬ್ಬರದ ನೆಪ ಇನ್ನು ನಡೆಯದು. ಈ ಮಣ್ಣು ಯಾವ ಹೊಲವನ್ನೂ ಕಂಡದ್ದಲ್ಲ.

"ಇವು ಹೆಂಗಸರ ಆಟಿಗಿ ಸಾಮಾನ್ರಿ" ಎಂದರು ಸಾಹೇಬರು. "ಹೌದ್ರಿ, ನಮ್ಮವ್ವ ಆಡಿದ್ದು. ನೀವು ದಫ್ತರದಾಗ ಬರೀಲಿಲ್ಲ, ಆಕಿ ಮಣ್ಣಾಗ ಬರದಾಳ" ಎಂದೆ. ನಗು ನಿಂತಿತು. ಕಾರ್ಖಾನೆಯ ಮೇಲಿನ ವಿಚಾರಣೆಗೆ ನನ್ನನ್ನು ಕರೆದಿದ್ದಾರೆ.

ಉಳಿದ ಎತ್ತುಗಳನ್ನು ಅವರ ಮೇಜಿನ ಮೇಲೆ ಇದೇ ಸಾಲಿನಲ್ಲಿ ನಿಲ್ಲಿಸುತ್ತೇನೆ. ಹೊಲಕ್ಕೆ ಸುರಿದ ವಿಷವನ್ನು ಸುರಿಸಿದವರೇ ಎತ್ತಿಕೊಂಡು ಹೋಗುವ ತನಕ ಅಲ್ಲಿಂದ ಏಳುವುದಿಲ್ಲ. ಒಡೆಯದಿರಲೆಂದು ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿದ್ದೇನೆ. ಬಟ್ಟೆ ಯಾವುದು ಗೊತ್ತಾ? ನನ್ನ ಝಂಡಾ. ಹರಿದೆ.